ಅರ್ಧ ರಾಣಿಗಳು

ಸ್ಯಾಕ್ರಮೆಂಟೊ ಕಣಿವೆಯಲ್ಲಿ ಡ್ಯಾರೆಲ್ ಜೇನಿನ ರಾಣಿಗಳನ್ನು ಬೆಳೆಸಿ ಮಾರುತ್ತಾನೆ. ಅಲ್ಲಿ ಹುಳು ಎತ್ತುವ ಕೆಲಸ ಅವನ ಚಿಕ್ಕಮ್ಮ ಲೋರ್ನಾ ಹ್ಯಾಸ್ಕೆಟ್‌ಳದು. ಆಗತಾನೇ ಮೊಟ್ಟೆಯೊಡೆದ ಹುಳುವನ್ನು ಸೂಜಿಯ ತುದಿಯಲ್ಲಿ ಎತ್ತಿ ರಾಣಿ ಬೆಳೆಯುವ ಮೇಣದ ಬಟ್ಟಲಿಗೆ ಇಳಿಸಬೇಕು. ಅವಳ ಮದುವೆಗೂ ಮುಂಚಿನಿಂದ ಆ ಮೇಜಿಗೆ ಬೇರೆ ಯಾರೂ ಕೂತವರಿಲ್ಲ. ನಾನು ಕಾಲೇಜು ಓದಿ ಅಲ್ಲಿ ಕೆಲಸಕ್ಕೆ ಸೇರಿದವಳು, ಪ್ಲಮ್ ತೋಟದ ಕೂಲಿಯವನ ಮಗಳು.

ಕೆಲಸಗಾರ ನೊಣವಾಗುವ ಹುಳುವೂ ರಾಣಿಯಾಗುವ ಹುಳುವೂ ಹುಟ್ಟಿನಲ್ಲಿ ಒಂದೇ. ಜೀವಕೋಶದೊಳಗೆ ಡಿಎನ್‌ಎ ಎಳೆ ಪ್ರೋಟೀನಿನ ಉಂಡೆಗಳಿಗೆ ಸುತ್ತಿಕೊಂಡಿರುತ್ತದೆ. ಸುತ್ತು ಸಡಿಲವಾದ ಕಡೆ ಜೀನ್ ಕೆಲಸ ಮಾಡುತ್ತದೆ, ಬಿಗಿದ ಕಡೆ ಸುಮ್ಮನಿರುತ್ತದೆ. ಎಳೆಯ ಹುಳುವಿಗೆ ನೊಣಗಳು ತಾವು ಸ್ರವಿಸುವ ರಾಯಲ್ ಜೆಲ್ಲಿ ಉಣಿಸುತ್ತ ಹೋದರೆ ಜೀವಕೋಶಗಳು ಆ ಸುತ್ತುಗಳನ್ನು ರಾಣಿಗೆ ತಕ್ಕಂತೆ ಬದಲಿಸಿಕೊಳ್ಳುತ್ತವೆ. ಹುಳು ಬಲಿತಿದ್ದರೆ ಕೆಲವು ಸುತ್ತುಗಳು ಆಗಲೇ ಬೇರೆ ದಾರಿ ಹಿಡಿದಿರುತ್ತವೆ. ಆಮೇಲೆ ಎಷ್ಟು ಉಣಿಸಿದರೂ ಪೂರ್ತಿ ರಾಣಿಯಾಗದು.

ಆ ವಸಂತದಲ್ಲಿ ನಮ್ಮ ಹೊಸ ರಾಣಿಗಳನ್ನು ಗೂಡಿನ ನೊಣಗಳೇ ಮುತ್ತಿ ಕೊಲ್ಲತೊಡಗಿದವು. ಮುಚ್ಚಳ ತೆಗೆದರೆ ರಾಣಿಯಿಲ್ಲದ ತಬ್ಬಲಿ ಗೂಡಿನ ನರಳುವಂಥ ಮೊರೆತ. ಡ್ಯಾರೆಲ್ ಬಾದಾಮಿ ತೋಟದವರು ಸಿಂಪಡಿಸುವ ಔಷಧಿಯನ್ನು ಬೈದ. ನಾನು ಸತ್ತ ರಾಣಿಯೊಂದನ್ನು ಸೀಳಿ ಸೂಕ್ಷ್ಮದರ್ಶಕದಲ್ಲಿ ನೋಡಿದೆ. ಅಂಡಾಶಯ ಅರ್ಧವೂ ಬೆಳೆದಿರಲಿಲ್ಲ.

ಅದೇ ವಾರ ಡ್ಯಾರೆಲ್‌ನ ತಂದೆ ಕಾಪಾಡಿಕೊಂಡು ಬಂದ ತಳಿಯ ಕೊನೆಯ ತಾಯಿ ರಾಣಿ ಗೂಡಿನ ತಳದಲ್ಲಿ ಸತ್ತು ಬಿದ್ದಿತ್ತು. ಅದರ ಹುಳುಗಳಿದ್ದ ಒಂದೇ ಜೇನೆರಿಯ ಚೌಕಟ್ಟು ಉಳಿದಿತ್ತು. ಡ್ಯಾರೆಲ್ ಅದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತಂದು ಲೋರ್ನಾಳ ಮುಂದಿಟ್ಟ. ಅವಳ ಸೂಜಿ ಸಣ್ಣ ಹುಳುಗಳನ್ನು ದಾಟಿ ದಪ್ಪನೆಯವನ್ನೇ ಎತ್ತುತ್ತಿತ್ತು.

"ಲೋರ್ನಾ, ಇವತ್ತೊಂದಿನ ಭೂತಗನ್ನಡಿ ಹಾಕ್ಕೊಳ್ಳಿ," ಎಂದೆ.

"ಏನೇ ಕಾಲೇಜು, ನಿಮ್ಮಪ್ಪ ಏಣಿ ಹತ್ತಿ ಪ್ಲಮ್ ಕೀಳ್ವಾಗ ಭೂತಗನ್ನಡಿ ಹಾಕ್ಕೋತಿದ್ನಾ? ಹೋಗು, ನೊಣಕ್ಕೆ ಹಾಕೋ ಹೊಗೆಡಬ್ಬಿ ತುಂಬು."

ಡ್ಯಾರೆಲ್‌ಗೆ ಅವಳು ಎತ್ತುತ್ತಿರುವುದು ಬಲಿತ ಹುಳುಗಳನ್ನೆಂದು ಹೇಳಿದೆ. "ಚಿಕ್ಕಮ್ಮನ ಕೈ ತಪ್ಪಲ್ಲ, ಬಿಡು," ಎಂದ. ಬಟ್ಟಲುಗಳು ಜೆಲ್ಲಿ ಉಣಿಸುವ ನೊಣಗಳ ಗೂಡಿಗೆ ಹೋದವು, ಚೌಕಟ್ಟು ತನ್ನ ಗೂಡಿಗೆ ವಾಪಸಾಯಿತು.

ಮರುದಿನ ಲೋರ್ನಾಳೇ ನನ್ನನ್ನು ಕರೆದಳು. ಬಟ್ಟಲುಗಳ ಸಾಲನ್ನು ಬಿಸಿಲಿಗೆ ಹಿಡಿದಿದ್ದಳು.

"ಇದರಲ್ಲಿ ಜೆಲ್ಲಿ ತುಂಬಿದ್ಯಾ?"

"ತುಂಬಿದೆ. ಕಾಣ್ತಿಲ್ವಾ?"

ಅವಳು ಬಟ್ಟಲುಗಳನ್ನು ಕೆಳಗಿಟ್ಟಳು. "ನಿನ್ನೆ ಕಣ್ಣಿಗೆ ಕಂಡಿದ್ದನ್ನ ಎತ್ತಿದೆ ಕಣೇ. ಕಾಣದೇ ಇದ್ದಿದ್ದು ಚೌಕಟ್ಟಲ್ಲೇ ಉಳೀತು. ತೆಗೆದು ನೋಡು."

ತೆಗೆದು ನೋಡಿದೆ. ನಿನ್ನೆಯ ಎಳೆಯ ಹುಳುಗಳೆಲ್ಲ ಒಂದು ರಾತ್ರಿಯಲ್ಲಿ ಕೊಬ್ಬಿ, ಸುರುಳಿ ಸುತ್ತಿ, ಕೋಣೆಗಳ ತಳ ತುಂಬಿಕೊಂಡಿದ್ದವು. ಎತ್ತುವಂಥದ್ದು ಒಂದೂ ಇರಲಿಲ್ಲ.

ಡ್ಯಾರೆಲ್ ಓಡಿಬಂದ. "ಬಟ್ಟಲಲ್ಲಿರೋವು ರಾಣಿ ಆಗ್ತವಲ್ಲ, ಚಿಕ್ಕಮ್ಮ?"

"ನೋಡೋಕೆ ಮಾತ್ರ ಆಗ್ತವೆ," ಎಂದು ಲೋರ್ನಾ ಸೂಜಿಯನ್ನು ಒರೆಸಿ ಮೇಜಿನ ಮೇಲೆ, ನನ್ನ ಕಡೆಗೆ, ಇಟ್ಟಳು.