ಎರಡು ಪಾಸ್‌ಪೋರ್ಟಿನ ಫೋಟೋ

ಐರ್ಲೆಂಡಿನ ವಾಟರ್‌ಫರ್ಡ್‌ನ ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ನರ್ಸ್ ಒಬ್ಬಳ ಹತ್ತಿರ ಮೂರು ಪಾಸ್‌ಪೋರ್ಟುಗಳಿವೆ. ಅವಳು ಹುಟ್ಟಿದ್ದು ಅಮೆರಿಕದಲ್ಲಿ, ತಾಯಿ ಇಲ್ಲಿಯವರು, ತಂದೆ ಆಸ್ಟ್ರೇಲಿಯಾದವರು. ವಿಮಾನ ನಿಲ್ದಾಣದಲ್ಲಿ ಯಾವ ಸಾಲು ಚಿಕ್ಕದೋ ಆ ಪಾಸ್‌ಪೋರ್ಟ್ ತೆಗೆಯುತ್ತೇನೆ ಎಂದು ಅವಳು ಚಹಾ ಕುಡಿಯುತ್ತ ಹೇಳಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಆಗಲೇ ನಾನೂ ಐರಿಶ್ ಪೌರತ್ವಕ್ಕೆ ಅರ್ಜಿ ಹಾಕಿದ್ದೆ. ಸದ್ಯದಲ್ಲೇ ನನ್ನ ಹತ್ತಿರವೂ ಎರಡಿರುತ್ತವೆ ಎಂದುಬಿಟ್ಟೆ. ರೋಗಿಗೆ ಅರಿವಳಿಕೆ ಕೊಡುವ ಮುನ್ನ ಎಲ್ಲವನ್ನೂ ಮತ್ತೆ ಮತ್ತೆ ಪರೀಕ್ಷಿಸುವ ನಾನು ಈ ಮಾತನ್ನು ಒಮ್ಮೆಯೂ ಪರೀಕ್ಷಿಸಿರಲಿಲ್ಲ.

ಪ್ರಮಾಣವಚನವಾಯಿತು. ಹೊಸ ಪಾಸ್‌ಪೋರ್ಟ್ ಅಂಚೆಯಲ್ಲಿ ಬಂತು. ಅದನ್ನು ಊಟದ ಮೇಜಿನ ಮೇಲೆ ಹಳೆಯದರ ಪಕ್ಕ ಇಟ್ಟು ಫೋಟೋ ತೆಗೆದೆ. 'ಇನ್ನು ಎರಡು ದೇಶಗಳ ಪ್ರಜೆ' ಎಂದು ಬರೆದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದೆ. ಚಿಕ್ಕಮ್ಮಂದಿರು ಕೈಮುಗಿದ ಚಿತ್ರಗಳನ್ನು ಕಳಿಸಿದರು. ಅಷ್ಟರಲ್ಲಿ ಮೈಸೂರಿನಲ್ಲಿ ವಕೀಲರಾಗಿರುವ ನನ್ನ ತಂಗಿಯ ಗಂಡ ಫೋನ್ ಮಾಡಿದರು.

"ಭಾವ, ಆ ಫೋಟೋ ಮೊದ್ಲು ಡಿಲೀಟ್ ಮಾಡಿ."

"ಯಾಕೆ, ಚೆನ್ನಾಗಿ ಬಂದಿಲ್ವಾ?"

"ಚೆನ್ನಾಗೇ ಬಂದಿದೆ. ತಪ್ಪೊಪ್ಪಿಗೆ ಥರ ಇದೆ. ಅಲ್ಲಿನ ಪೌರತ್ವ ತಗೊಂಡ ತಕ್ಷಣ ಇಲ್ಲೀದು ಹೋಯ್ತು. ಆ ಪಾಸ್‌ಪೋರ್ಟ್ ವಾಪಸ್ ಒಪ್ಪಿಸಬೇಕು."

ಭಾರತದ ಪಾಸ್‌ಪೋರ್ಟ್ ಬಿಡಲೊಪ್ಪದ ನನ್ನ ಹೆಂಡತಿ ಪಕ್ಕದಲ್ಲೇ ಬೀನ್ಸ್ ಹೆಚ್ಚುತ್ತಿದ್ದಳು. "ಆವತ್ತಿಂದ ಹೇಳ್ತಾನೇ ಇದೀನಿ," ಎಂದಳು. "ನೀವು ಕೇಳಿಸ್ಕೊಳ್ದೆ, ಸರಿ ಸರಿ ಅನ್ನೋಕೆ ಇಲ್ಲಿಯವ್ರು ಹೇಳೋ ಥರ ಗ್ರ್ಯಾಂಡ್, ಗ್ರ್ಯಾಂಡ್ ಅಂತಿದ್ರಿ."

ಒಪ್ಪಿಸಿದೆ. ಕೆಲವು ವಾರಗಳ ನಂತರ ಅದು ರದ್ದಾಗಿದೆ ಎಂಬ ಮುದ್ರೆಯೊಂದಿಗೆ ಹಿಂತಿರುಗಿತು. ಒಳಗಿನ ಫೋಟೋದಲ್ಲಿ ತಲೆತುಂಬ ಕಪ್ಪು ಕೂದಲಿನ ಒಬ್ಬ ತರುಣನಿದ್ದ. ಆ ಪುಟವನ್ನು ಎರಡು ಮೂರು ಸಲ ತೆರೆದು ನೋಡಿದೆ. ಅದು ದೇಶಕ್ಕಾಗಿಯೋ ಕೂದಲಿಗಾಗಿಯೋ ಈಗಲೂ ಖಚಿತವಾಗಿ ಹೇಳಲಾರೆ. ನರ್ಸ್ ಕೇಳಿದಾಗ, ಲೆಕ್ಕ ಮತ್ತೆ ಒಂದಕ್ಕೇ ಬಂದಿದೆ ಎಂದೆ. ಅವಳು ನಗಲಿಲ್ಲ, ತನ್ನ ಬಿಸ್ಕತ್ತಿನಲ್ಲಿ ಅರ್ಧ ಮುರಿದು ಕೊಟ್ಟಳು. ನಕ್ಕಿದ್ದರೇ ವಾಸಿಯಿತ್ತು.

ಮುಂದೆ ಸಾರ್ವತ್ರಿಕ ಚುನಾವಣೆ ಬಂತು. ಇಲ್ಲಿನ ಸಂಸತ್ತಿಗೆ ನನ್ನ ಮೊದಲ ಮತ. ಮದುವೆ ಮನೆಗೆ ಹೋಗುವಂತೆ ಕೋಟು ತೊಟ್ಟು, ಇಲ್ಲೇ ಹುಟ್ಟಿದ ಮಗಳನ್ನೂ ಕರೆದುಕೊಂಡು ಅವಳ ಶಾಲೆಯಲ್ಲಿದ್ದ ಮತಗಟ್ಟೆಗೆ ಹೋದೆ. ಪಕ್ಕದ ಮನೆಯವರು ಮನೆಯೊಳಗಿನ ಚಪ್ಪಲಿಯಲ್ಲೇ ಬಂದು ಮತ ಹಾಕಿ ಹೊರಟಿದ್ದರು. ನನ್ನ ಕೋಟು ನೋಡಿ, ಅಭ್ಯರ್ಥಿಯೇ ಇರಬೇಕೆಂದು ತಮಾಷೆ ಮಾಡಿ ಕೈಕುಲುಕಿದರು.

ಇಲ್ಲಿ ಹೆಸರುಗಳ ಮುಂದೆ ಒಂದು, ಎರಡು, ಮೂರು ಎಂದು ನಮ್ಮ ಆದ್ಯತೆಯ ಅಂಕಿ ಬರೆಯಬೇಕು. ಸಾಕೆನಿಸಿದಲ್ಲಿ ನಿಲ್ಲಿಸಬಹುದು. ನಾನು ಕೊನೆಯ ಹೆಸರಿನವರೆಗೂ ಬರೆದೆ. ಮಗಳು ಇಣುಕಿ ನೋಡಿದಳು.

"ಅಪ್ಪಾ, ಯು ಗೇವ್ ಎವ್ರಿಬಡಿ ಎ ನಂಬರ್?"

"ಯಾರಿಗೂ ಬೇಜಾರಾಗಬಾರದಲ್ಲ, ಪುಟ್ಟಿ," ಎಂದೆ.

ಅವಳು ನಿಟ್ಟುಸಿರು ಬಿಟ್ಟು, ಚೀಟಿಯನ್ನು ನೀಟಾಗಿ ಮಡಿಸಿ ನನ್ನ ಕೈಗಿಟ್ಟಳು.