ಬಂಪರಿನಡಿಯ ಬೂದುಗುಂಬಳಕಾಯಿ

ಗೆಳೆಯರೇ, ನನ್ನ ಹಳೆಯ ಜಪಾನಿ ಸೆಡಾನ್ ಇವತ್ತು ಹೊಸ ಸಸ್ಪೆನ್ಷನ್, ಹೊಸ ಸೈಲೆನ್ಸರ್ ಹಾಕಿಸಿಕೊಂಡು ಗ್ಯಾರೇಜಿನಿಂದ ಹೊರಬಂತು. ಎತ್ತರ ಎರಡಿಂಚು ತಗ್ಗಿದೆ, ಸದ್ದು ಬೀದಿ ತುಂಬಾ.

ಅಮ್ಮನ ಹಟಕ್ಕೆ ಹಲಸೂರಿನ ದೇವಸ್ಥಾನದ ಮುಂದೆ ಪೂಜೆಯೂ ಆಯಿತು. ಅರ್ಚಕರು ಬೂದುಗುಂಬಳಕಾಯಿಯನ್ನು ಕಾರಿಗೆ ನಿವಾಳಿಸಿ ಎದುರಿಗೇ ಒಡೆದರು. ನಿಂಬೆಹಣ್ಣಿನ ಮೇಲೆ ಚಕ್ರ ಹತ್ತಿಸಿ, ಅಮ್ಮನನ್ನು ಕೂರಿಸಿಕೊಂಡು ಹೊರಟೆ.

ದಾರಿಯಲ್ಲಿ ಆಟೋದವರೊಬ್ಬರು ಬಂಪರಿನ ಕಡೆ ಕೈ ತೋರಿಸಿ ಏನೋ ಕೂಗಿದರು. ನನ್ನ ಸೈಲೆನ್ಸರಿನ ಅಬ್ಬರದಲ್ಲಿ ಒಂದಕ್ಷರವೂ ಕೇಳಿಸಲಿಲ್ಲ. ಕಾರು ಮೆಚ್ಚಿದರೆಂದುಕೊಂಡು ಹೆಬ್ಬೆರಳೆತ್ತಿ ನಕ್ಕೆ.

ಜೋಗುಪಾಳ್ಯದ ಮನೆ ಮುಂದೆ ಇಳಿದ ಅಮ್ಮ ಬಗ್ಗಿ ನೋಡಿ ಹಣೆ ಚಚ್ಚಿಕೊಂಡಳು. ಕುಂಕುಮ ತುಂಬಿದ ಅರ್ಧ ಕುಂಬಳಕಾಯಿ ಬಂಪರಿನಡಿ ಸಿಕ್ಕಿಕೊಂಡು ನಮ್ಮ ಜೊತೆಗೇ ಬಂದಿತ್ತು.

"ತೆಗ್ಸಿದ್ ದೃಷ್ಟೀನ ವಾಪಸ್ ಮನೆಗೇ ತಂದ್ಯಲ್ಲೋ!"

"ಅಮ್ಮಾ, ಎರಡೇ ಇಂಚು ಇಳ್ಸಿರೋದು."

"ಹೋಗು, ಇನ್ನೊಂದ್ ಕುಂಬಳಕಾಯಿ ತಗೊಂಡ್ ಬಾ. ಈ ಸಲ ಕಾರಿಗಲ್ಲ, ನಿಂಗೇ ನಿವಾಳಿಸ್ತೀನಿ."

ತಿರುವುಗಳಲ್ಲಿ ಕಾರು ರಸ್ತೆಗೆ ಅಂಟಿಕೊಂಡ ಹಾಗೆ ಹೋಗುತ್ತದೆ, ನನಗಂತೂ ಪರಮ ಸಂತೋಷ. ಕುಂಬಳಕಾಯಿ ತರಲು ಮಾತ್ರ ಅಪ್ಪನ ಸ್ಕೂಟರಿನಲ್ಲಿ ಹೋದೆ.