ಇಲ್ಲ ಎನ್ನಲಾರದ ಮಂತ್ರಿ

ತೆರುರು ಕಾಮಗಾರಿ ಮಂತ್ರಿಯಾದನೆಂದು ರೇಡಿಯೋ ಹೇಳಿದ ದಿನ ಅವನ ತಾಯಿ ಅಕೋಯಾ ಬಾಬಾಯ್ ಗಡ್ಡೆ ಬೆಳೆಯುವ ಗುಂಡಿಯಲ್ಲಿ ಮೊಣಕಾಲುದ್ದ ಕೆಸರಿನಲ್ಲಿ ನಿಂತಿದ್ದಳು. ಸಿಹಿನೀರು ಸಿಗುವ ತನಕ ದ್ವೀಪದ ಹವಳದ ನೆಲ ಅಗೆದು ಅವಳ ಅಜ್ಜ ಮಾಡಿದ ಗುಂಡಿ ಅದು. ಅದರ ಗಡ್ಡೆ ಬಡಿಸದೆ ಆ ಮನೆಯಲ್ಲಿ ಮದುವೆಯಾಗಲಿ ಸಾವಾಗಲಿ ಕಳೆದದ್ದಿಲ್ಲ.

"ಮಂತ್ರಿ ಆದ್ನಂತಾ? ಸರಿ ಬಿಡು, ಇನ್ನಾದ್ರೂ ಗೋಡೆ ಎದ್ದೀತು" ಎಂದಳು, ಕೈ ನಿಲ್ಲಿಸದೆ.

ಮೇಷ್ಟರಾಗಿದ್ದ ತೆರುರು ಮೂರು ಚುನಾವಣೆ ಗೆದ್ದದ್ದೇ ಸಮುದ್ರಕ್ಕೆ ಅಡ್ಡಗೋಡೆ ಕಟ್ಟಿಸುತ್ತೇನೆಂದು. ಪುಣ್ಯಾತ್ಮ ಸುಳ್ಳನಲ್ಲ. ಖಾತೆ ಕೈಗೆ ಬಂದ ವರ್ಷವೇ ಹಡಗಿನಲ್ಲಿ ಸಿಮೆಂಟು ತಂದು ಇಳಿಸಿದ. ಸಿಮೆಂಟಿನ ಬೆನ್ನಿಗೇ ನೆಂಟರೂ ಬಂದರು.

ಆ ದ್ವೀಪದ ಕಟ್ಟಳೆಯಂತೆ ನೆಂಟನೊಬ್ಬ ಎದುರು ಕೂತು ಬುಬುಸಿ, ಅಂದರೆ ಬೇಡ್ತೀನಿ, ಎಂದು ಬಾಯಿಬಿಟ್ಟು ಕೇಳಿದರೆ ಕೊಡಲೇಬೇಕು. ಇಲ್ಲ ಎಂದವನ ಮುಖವನ್ನು ಆಮೇಲೆ ಯಾರೂ ನೋಡುವುದಿಲ್ಲ.

"ಅಣ್ಣಾ, ಬುಬುಸಿ" ಎಂದ ಚಿಕ್ಕಪ್ಪನ ಮಗ ಕೈತು. "ಹಂದಿಗೂಡಿಗೆ ನಾಲ್ಕೇ ನಾಲ್ಕು ಮೂಟೆ."

"ಅದು ಗೋಡೇದು ಕಣೋ."

"ಗೋಡೆ ಏನು ನಾಳೆ ಓಡಿಹೋಗತ್ತಾ? ಮಂತ್ರಿ ಆದ್ಮೇಲೆ ನಾವು ಬೇಡವಾದ್ವೇನೋ, ದೊಡ್ಡ ಮನುಷ್ಯಾ?"

ಕೊಟ್ಟ. ಆಮೇಲೆ ಸೋದರತ್ತೆಯ ನೀರಿನ ತೊಟ್ಟಿ, ಭಾವಮೈದುನನ ಅಪ್ಪನ ಗೋರಿ, ಷಡ್ಡಕನ ಜಗಲಿ. ಅವನ ದಾಕ್ಷಿಣ್ಯಕ್ಕಿಷ್ಟು ಬೆಂಕಿ ಹಾಕ! ಒಂದು ಸಲ, ಒಂದೇ ಒಂದು ಸಲ ನಾಲಿಗೆ ಗಟ್ಟಿ ಮಾಡಿಕೊಳ್ಳಬಾರದಿತ್ತೇ? ಊರಿನ ಆ ತುದಿಯಿಂದ ಎದ್ದು ಬಂದ ಗೋಡೆ ನಲವತ್ತು ಹೆಜ್ಜೆ ಉಳಿದಿರುವಾಗ ನಿಂತುಹೋಯಿತು. ಅಕೋಯಾಳ ಗುಂಡಿ ಇದ್ದದ್ದು ಆ ನಲವತ್ತು ಹೆಜ್ಜೆಯ ಹಿಂದೆ.

"ಮುಂದಿನ ಹಡಗಿಗೆ ತರಿಸ್ತೀನಮ್ಮಾ" ಎಂದ.

ಹಡಗಿಗಿಂತ ಮೊದಲು ಹುಣ್ಣಿಮೆಯ ಉಬ್ಬರ ಬಂತು. ಬಿಟ್ಟ ಜಾಗದಲ್ಲೇ ಸಮುದ್ರ ಒಳಗೆ ನುಗ್ಗಿ, ಮೂರು ದಿನ ಗುಂಡಿಯಲ್ಲಿ ನಿಂತು ಹೋಯಿತು. ಎಲೆಗಳು ಹಳದಿಯಾದವು. ಅಗೆದು ನೋಡಿದರೆ ಒಂದೊಂದು ಗಡ್ಡೆಯೂ ಕೊಳೆತು ನಾರುತ್ತಿತ್ತು. ಉಪ್ಪಾದ ಆ ನೀರು ಇನ್ನು ಆಕೆಯ ಕಾಲಕ್ಕೆ ಸಿಹಿಯಾಗುವುದಿಲ್ಲವೆಂದು ಎಲ್ಲರಿಗೂ ಗೊತ್ತಿತ್ತು.

ಊರ ಚಾವಡಿಯಲ್ಲಿ ಸಭೆ ಸೇರಿತು. ತನ್ನ ಮನೆತನಕ್ಕೆ ಮೀಸಲಾದ ಜಾಗದಲ್ಲಿ ತಲೆ ತಗ್ಗಿಸಿ ಕೂತ ತೆರುರು ಬೈಗುಳಕ್ಕಾಗಿ ಕಾದ. ಬೈಯುವವರಾರು? ಒಬ್ಬೊಬ್ಬರ ಅಂಗಳದಲ್ಲೂ ಗೋಡೆಯ ತುಂಡೊಂದಿತ್ತು. ಕೈತು ಚಾಪೆಯ ಎಳೆ ಕೀಳುತ್ತ ಕೂತಿದ್ದ. ಯಾರಾದರೂ ಎದ್ದು ಕೆನ್ನೆಗೆ ಬಾರಿಸಿದ್ದರೂ ತೆರುರುವಿಗೆ ಸಮಾಧಾನವಾಗುತ್ತಿತ್ತೇನೋ.

"ರಾಜೀನಾಮೆ ಕೊಟ್ಬಿಡ್ತೀನಿ" ಎಂದ ಕೊನೆಗೆ.

"ಕೊಟ್ಟು?" ಎಂದ ಹಿರಿಯನೊಬ್ಬ.

ಹಿಂದಿನ ಸಾಲಿನಿಂದ ಅಕೋಯಾ ಎದ್ದು ಬಂದು ಮಗನ ಎದುರು ಕೂತಳು.

"ಮಗಾ, ಇಷ್ಟು ವರ್ಷದಲ್ಲಿ ನಿನ್ನ ಹತ್ರ ಒಂದೂ ಕೇಳಿದವಳಲ್ಲ ನಾನು. ಇವತ್ತು ಬುಬುಸಿ. ನಾನು ಸತ್ತ ದಿನ ಜನಕ್ಕೆ ಬಡಿಸೋಕೆ ನಮ್ಮ ಗುಂಡಿದೊಂದು ಗಡ್ಡೆ ಕೊಡು."

ಚಾವಡಿ ತುಂಬ ನೆಂಟರು. ತೆರುರು ಎರಡು ಸಲ ಬಾಯಿ ತೆರೆದು ಮುಚ್ಚಿದ. ಮೂರನೆಯ ಸಲ, ಜನ್ಮದಲ್ಲಿ ಯಾರಿಗೂ ಹೇಳದಿದ್ದ ಮಾತು ಹೊರಬಿತ್ತು.

"ಇಲ್ಲಮ್ಮಾ."

ಆಕೆ ಸರಿ ಎಂಬಂತೆ ತಲೆಯಾಡಿಸಿ ಎದ್ದು ತನ್ನ ಜಾಗಕ್ಕೆ ಹೋದಳು. ಆಮೇಲೆ ಸಾಯುವ ತನಕ ಅವನ ಮುಖ ನೋಡಲಿಲ್ಲ.